ಕೂಸಿನ ಗಾಡಿಗೆ ಎಲ್ಲಿದೆ ದಾರಿ?

ವಾರದ ಕೊನೆಗೆ ಬೆಂಗಳೂರಿನಿಂದ ಬೇಲೂರು ಸೀಮೆಯ ಹೋಂಸ್ಟೇಗಳಿಗೆ ಬರುವ ಕಾರುಗಳ ಡಿಕ್ಕಿಯಲ್ಲಿ ಈಚೆಗೆ ಸೂಟ್‌ಕೇಸು, ಡೈಪರ್ ಕಟ್ಟುಗಳ ನಡುವೆ ಮಡಚಿಟ್ಟ ಒಂದು ಗಾಡಿಯೂ ಇರುತ್ತದೆ. ಸ್ಟ್ರಾಲರ್ ಅನ್ನಿ, ಪ್ರಾಮ್ ಅನ್ನಿ, ಕೂಸಿನ ಗಾಡಿ ಅಂದರೂ ಆದೀತು. ಗೆಂಡೆಹಳ್ಳಿ ಕಡೆಯ ಯಾವುದಾದರೂ ತೋಟದ ಮನೆಯ ಅಂಗಳದಲ್ಲಿ ಅದನ್ನು ಬಿಡಿಸಿ, ಮಗುವನ್ನು ಕೂರಿಸಿ, ಬೆಲ್ಟು ಬಿಗಿದು, ‘ಪ್ರಕೃತಿ ತೋರಿಸೋಣ’ ಎಂದು ಗೇಟು ದಾಟುತ್ತಾರೆ. ಐವತ್ತು ಹೆಜ್ಜೆ ಹೋಗುವುದರೊಳಗೆ ಮುಂದಿನ ಗಾಲಿ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ. ಆಮೇಲೆ ಮಗು ಅಪ್ಪನ ಕಂಕುಳಿಗೆ, ಖಾಲಿ ಗಾಡಿ ಅಮ್ಮನ ಕೈಗೆ. ಮಲೆನಾಡು ಮಕ್ಕಳಿಗೆ ಹೇಳಿಸಿದ ಜಾಗವಲ್ಲ ಎಂಬ ತೀರ್ಮಾನದೊಂದಿಗೆ ಎಲ್ಲರೂ ಒಳಗೆ ಬಂದು ಟಿ.ವಿ. ಹಾಕುತ್ತಾರೆ.

ಈ ತೀರ್ಮಾನ ಸರಿಯಲ್ಲ ಎಂಬುದು ನನ್ನ ವಾದ. ಅರಸೀಕೆರೆಯ ಬಯಲಿನಿಂದ ಹಳೇಬೀಡು, ಬೇಲೂರು ದಾಟಿ ಗೆಂಡೆಹಳ್ಳಿಯ ಕಾಫಿ ತೋಟಗಳವರೆಗೆ ಗಾಲಿ ಉರುಳುವ ಜಾಗಗಳು ಬೇಕಾದಷ್ಟಿವೆ. ಅವು ನಾವು ಹುಡುಕುವ ಕಡೆ ಇಲ್ಲ, ಅಷ್ಟೆ. ಹಸುಗೂಸಿನ ನಡಿಗೆಗೆ ದಟ್ಟ ಕಾಡು ಬೇಡ, ಶಿಖರ ಬೇಡ, ಜಲಪಾತವಂತೂ ಬೇಡವೇ ಬೇಡ. ಬೇಕಾದದ್ದು ಸಪಾಟು ನೆಲ, ನೆರಳು, ನೋಡಲು ಅಲುಗಾಡುವ ಏನಾದರೂ ಒಂದು.

ಮೊದಲು ಗಾಡಿಯ ವಿಷಯ. 1733ರ ಸುಮಾರಿಗೆ ಇಂಗ್ಲೆಂಡಿನ ಉದ್ಯಾನ ವಿನ್ಯಾಸಕಾರ ವಿಲಿಯಂ ಕೆಂಟ್ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆಂದು ಒಂದು ಪುಟ್ಟ ಬಂಡಿ ಮಾಡಿಕೊಟ್ಟ. ಎಳೆಯಲು ಆಡನ್ನೋ ಕುದುರೆಮರಿಯನ್ನೋ ಕಟ್ಟುವ ಹಾಗಿತ್ತು. ಅರಮನೆಯ ತೋಟದ ದಾರಿಗೆ ಹುಟ್ಟಿದ ಸಾಮಾನು ಅದು. ಇವತ್ತು ನಾವು ಕೊಡೆಯ ಹಾಗೆ ಮಡಚಿ ಡಿಕ್ಕಿಗೆ ಹಾಕುವ ಹಗುರ ಗಾಡಿಯನ್ನು ರೂಪಿಸಿದವನು ಓವೆನ್ ಮೆಕ್ಲಾರೆನ್ ಎಂಬ ನಿವೃತ್ತ ವಿಮಾನ ಎಂಜಿನಿಯರ್; ಪೇಟೆಂಟಿಗೆ ಅರ್ಜಿ ಹಾಕಿದ್ದು 1965ರಲ್ಲಿ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಕ್ಕೆ ನೆಲಕ್ಕಿಳಿಯುವ ಗಾಲಿಗಳ ಚೌಕಟ್ಟು ರೂಪಿಸಿದ್ದವನು ಅವನು. ಮಾಸ್ಕೋದಿಂದ ಬಂದ ಮಗಳು ಮೊಮ್ಮಗುವಿನ ಭಾರದ ಗಾಡಿಯೊಂದಿಗೆ ಹೆಣಗಾಡುವುದನ್ನು ಕಂಡು ಈ ಕೆಲಸಕ್ಕೆ ಕೈ ಹಾಕಿದನಂತೆ. ಅಜ್ಜನ ಪ್ರೀತಿಯಿಂದ ಹುಟ್ಟಿದ್ದೇನೋ ನಿಜ, ಆದರೆ ಅದರ ಅಂಗೈಯಗಲದ ಗಾಲಿಗಳು ವಿಮಾನ ನಿಲ್ದಾಣಕ್ಕೆ, ಪೇಟೆಯ ಫುಟ್‌ಪಾತಿಗೆ ಸರಿ. ಕೆಮ್ಮಣ್ಣಿಗೆ, ಜಲ್ಲಿಗೆ ದೊಡ್ಡ ಗಾಲಿಯ, ಗಾಳಿ ತುಂಬಿದ ಟೈರಿನ ಗಾಡಿ ಬೇಕು. ಚಿಕ್ಕ ಗಾಲಿಯದೇ ಇದ್ದರೆ ಒಂದು ಉಪಾಯವಿದೆ: ಎಲ್ಲ ದಿಕ್ಕಿಗೂ ತಿರುಗುವ ಮುಂದಿನ ಗಾಲಿಗೆ ಲಾಕ್ ಇದ್ದರೆ ಹಾಕಿ, ಗಾಡಿಯನ್ನು ಹಿಂದುಮುಂದು ಮಾಡಿ ಎಳೆದುಕೊಂಡು ಹೋಗಿ. ತಳ್ಳಿದರೆ ಹೂತುಕೊಳ್ಳುವ ಜಾಗದಲ್ಲಿ ಎಳೆದರೆ ಬರುತ್ತದೆ. ಹಿಡಿಕೆಗೆ ತೂಕದ ಚೀಲ ನೇತುಹಾಕುವ ಅಭ್ಯಾಸ ಮಾತ್ರ ಬಿಡಬೇಕು. ಮಗುವನ್ನು ಎತ್ತಿಕೊಂಡ ಕ್ಷಣಕ್ಕೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಕೂತಿದ್ದಾಗಲೇ ಮಗುಚುವುದೂ ಉಂಟು.

ನಮ್ಮಲ್ಲಿ ಮಗು ಮನೆಯಿಂದ ಹೊರಟಿದ್ದೇ ಎತ್ತಿಕೊಂಡವರ ಮೈಮೇಲೆ. ಬಾಣಂತನ ಮುಗಿದು, ಕುಲಾವಿ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ದೇವಸ್ಥಾನಕ್ಕೆ ಒಯ್ಯುವುದು ಅದರ ಮೊದಲ ತಿರುಗಾಟ. ‘ಗಾಳಿಗೆ ಒಡ್ಡಬೇಡ್ವೇ’ ಎನ್ನುವ ಅಜ್ಜಿ, ಸಂಜೆ ತಾನೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಮುಂದೆ ನಿಂತು ಕರು ತೋರಿಸುತ್ತಾಳೆ. ಜಾತ್ರೆಗೆ, ಬೆಟ್ಟಕ್ಕೆ ಅಪ್ಪನ ಹೆಗಲು. ತೋಟದ ಕೆಲಸದ ಹೆಂಗಸರ ಮಕ್ಕಳಿಗೆ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ. ಈ ಜೋಲಿಯ ಫೋಟೊ ತೆಗೆದು ‘ಎಂಥ ಸಹಜ ಬಾಲ್ಯ’ ಎಂದು ಹಾಕುವವರಿದ್ದಾರೆ; ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ ಎಂಬ ಕಾರಣಕ್ಕೆ ಆ ಕೂಸು ಅಲ್ಲಿದೆ ಎನ್ನುವುದು ಫೋಟೊದಲ್ಲಿ ಬೀಳುವುದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಅದು ಬೇರೆಯೇ ಅಂಕಣದ ವಿಷಯ. ಇಲ್ಲಿ ಹೇಳಬೇಕಾದದ್ದಿಷ್ಟು: ಗಾಡಿಯ ಜೊತೆಗೆ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಒಂದು ಬಟ್ಟೆಯನ್ನೋ ಕ್ಯಾರಿಯರನ್ನೋ ಇಟ್ಟುಕೊಂಡು ಹೊರಡಿ. ಈ ಸೀಮೆಯಲ್ಲಿ ಅರ್ಧ ದಾರಿ ಗಾಲಿಯದು, ಅರ್ಧ ದಾರಿ ಹೆಗಲಿನದು.

ಇನ್ನು ಗೆಂಡೆಹಳ್ಳಿಯ ಕಡೆಗೆ ಬರೋಣ. ಬೇಲೂರು ತಾಲ್ಲೂಕಿನ ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಮಲೆನಾಡು. ಕಾಫಿ, ಮೆಣಸು, ಸಿಲ್ವರ್ ಮರ, ಹಾಲುವಾಣ, ತಗ್ಗಿನಲ್ಲಿ ಗದ್ದೆ. ಇಲ್ಲಿ ನಡಿಗೆಯ ಹೊತ್ತನ್ನು ನಿಗದಿ ಮಾಡುವುದು ನಾವಲ್ಲ, ಆನೆ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಡಾನೆಗಳು ಹಗಲು ತೋಟದ ನೆರಳಿನಲ್ಲೇ ನಿಂತಿದ್ದು ಮಬ್ಬುಗತ್ತಲಿಗೆ ರಸ್ತೆ ದಾಟುತ್ತವೆ. ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇದೇ ಜಿಲ್ಲೆಯ ಯಸಳೂರು ವಲಯದಲ್ಲಿ, ಸೆರೆ ಕಾರ್ಯಾಚರಣೆಯ ನಡುವೆ ಕಾಡಾನೆಯೊಂದಿಗೆ ಕಾದಾಡಿ ಸತ್ತದ್ದನ್ನು ಯಾರೂ ಮರೆತಿಲ್ಲ. ಪಳಗಿದ ಆನೆಗೇ ಆ ಗತಿಯಾದರೆ ಕೂಸಿನ ಗಾಡಿಯ ಮಾತೇನು! ಪೇಟೆಯಲ್ಲಿ ‘ಮಾರ್ನಿಂಗ್ ವಾಕ್’ ಎಂದರೆ ಆರು ಗಂಟೆ. ಇಲ್ಲಿ ಮಂಜು ಪೂರ್ತಿ ಕರಗಿ, ಶಾಲೆಗೆ ಮಕ್ಕಳು ಹೋಗಿ, ರಸ್ತೆಯಲ್ಲಿ ನಾಲ್ಕು ಜನ ಓಡಾಡತೊಡಗಿದ ಮೇಲೆ ಹೊರಡಬೇಕು. ಸಂಜೆ ಬಿಸಿಲು ಇರುವಾಗಲೇ ಮನೆ ಸೇರಬೇಕು. ಹೊರಡುವ ಮೊದಲು ಹೋಂಸ್ಟೇಯವರನ್ನೋ ಟೀ ಅಂಗಡಿಯವರನ್ನೋ ‘ಆನೆ ಯಾವ ಕಡೆ ಇದಾವೆ?’ ಎಂದು ಕೇಳಿ. ಹವಾಮಾನ ವಿಚಾರಿಸಿದಷ್ಟೇ ಸಹಜವಾಗಿ ಉತ್ತರ ಬರುತ್ತದೆ. ಅರಣ್ಯ ಇಲಾಖೆಯ ಮೆಸೇಜುಗಳೂ ಊರವರ ಮೊಬೈಲಿಗೆ ಬಂದಿರುತ್ತವೆ.

ದಾರಿ ಯಾವುದು? ತೋಟದೊಳಗಿನ ಜೀಪು ದಾರಿಗಳು ನೋಡಲು ಆಸೆ ಹುಟ್ಟಿಸುತ್ತವೆ, ಆದರೆ ಚಕ್ರದ ಎರಡು ಗುಂಡಿ, ನಡುವೆ ಹುಲ್ಲಿನ ದಿಂಡು. ಕೂಸಿನ ಗಾಡಿಯ ಅಗಲ ಆ ಎರಡು ಗುಂಡಿಗೂ ಹೊಂದುವುದಿಲ್ಲ. ಮೇಲಾಗಿ ಅವು ಖಾಸಗಿ ಜಾಗ. ಸಾಹುಕಾರರನ್ನೋ ರೈಟರನ್ನೋ ಕೇಳದೆ ಕಾಲಿಡುವ ಹಾಗಿಲ್ಲ. ಕಾವಲು ನಾಯಿ ಯಾರನ್ನೂ ಕೇಳುವುದಿಲ್ಲ.

ಮಲೆನಾಡಿನಲ್ಲಿ ಕೂಸಿನ ಗಾಡಿಗೆ ಅತ್ಯುತ್ತಮ ಜಾಗ ಯಾವುದೆಂದರೆ ಕಾಫಿ ಕಣ. ಹಣ್ಣು ಒಣಗಿಸಲು ಸಿಮೆಂಟ್ ಬಳಿದ, ನೀರು ನಿಲ್ಲದಂತೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟ ಈ ಅಂಗಳಗಳಷ್ಟು ನುಣುಪು ನೆಲ ಸುತ್ತಮುತ್ತ ಇನ್ನೊಂದಿಲ್ಲ. ನವೆಂಬರಿನಿಂದ ಫೆಬ್ರವರಿ, ಮಾರ್ಚಿನವರೆಗೆ ಅಲ್ಲಿ ಕಾಫಿ ಹರಡಿರುತ್ತದೆ, ಆಗ ಗಾಲಿ ಇರಲಿ ಚಪ್ಪಲಿಯನ್ನೂ ಇಡಬಾರದು. ಉಳಿದ ತಿಂಗಳು ಕಣ ಖಾಲಿ. ತೋಟದ ಮಕ್ಕಳು ಸೈಕಲ್ ಕಲಿಯುವುದು, ಕ್ರಿಕೆಟ್ ಆಡುವುದು ಇಲ್ಲೇ. ಅಂಚಿನಲ್ಲಿ ಗಾಡಿ ನಿಲ್ಲಿಸಿ ಬ್ರೇಕ್ ಹಾಕಿದರೆ ಒಂದು ಗಂಟೆಯ ಪ್ರಕೃತಿ ಪಾಠ ಕೂತಲ್ಲೇ ಸಿಗುತ್ತದೆ: ಹಾಲುವಾಣದ ಮೇಲೆ ಕಾಜಾಣ, ಎಲ್ಲೋ ಎಲೆಮರೆಯಲ್ಲಿ ಕುಟ್ರು ಹಕ್ಕಿಯ ಕುಟುರ್ ಕುಟುರ್, ಪೊದೆಯಿಂದ ಪೊದೆಗೆ ನುಗ್ಗುವ ಕೆಂಬೂತ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬಂದರಂತೂ ಇಡೀ ತೋಟ ಬೆಳ್ಳಗೆ. ಆ ಕಂಪು, ಜೇನಿನ ಮೊರೆತ ಮಗುವಿನ ಮೂಗಿಗೂ ಕಿವಿಗೂ ಒಟ್ಟಿಗೆ ಬರುತ್ತದೆ. ಆ ದಿನಗಳಲ್ಲಿ ಗಿಡಕ್ಕೆ ತೀರ ಹತ್ತಿರ ಗಾಡಿ ನಿಲ್ಲಿಸಬೇಡಿ, ಜೇನು ಹುಳು ಜಾಸ್ತಿ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ತಮ್ಮ ಬಹುಪಾಲು ಪರಿಸರ ಬರಹಕ್ಕೆ ಸಾಮಗ್ರಿ ಕಂಡುಕೊಂಡದ್ದು ಮನೆಯ ಸುತ್ತಲ ತೋಟ, ಹಳ್ಳ, ಕೆರೆಗಳಲ್ಲಿ. ಎರಡು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಕಾಡು ಏಕೆ?

ಇಡೀ ಸೀಮೆಯಲ್ಲಿ ಮಗುವಿನೊಂದಿಗೆ ಒಂದೇ ಒಂದು ಕಡೆ ಹೋಗಬಹುದು ಎಂದರೆ ನಾನು ಹಳೇಬೀಡು ಎನ್ನುತ್ತೇನೆ. ಬೇಲೂರಿನಿಂದ 16 ಕಿಲೋಮೀಟರ್. ಹೊಯ್ಸಳೇಶ್ವರ ದೇವಸ್ಥಾನದ ಸುತ್ತ ಪುರಾತತ್ವ ಇಲಾಖೆ ಕಾಪಾಡಿದ ವಿಶಾಲ ಹುಲ್ಲುಹಾಸು, ನೆರಳಿನ ಮರ, ಆಚೆಗೆ ದ್ವಾರಸಮುದ್ರ ಕೆರೆ. ರಾಜಧಾನಿಗೆ ಹೆಸರು ಕೊಟ್ಟ ಈ ಕೆರೆ ಹೊಯ್ಸಳರಿಗಿಂತಲೂ ಹಳೆಯದು. ಗಾಡಿ ದೇವಸ್ಥಾನದ ಜಗತಿಯ ಬುಡದವರೆಗೆ ಬರುತ್ತದೆ, ಅಲ್ಲಿಂದ ಮೆಟ್ಟಿಲು. ಚಪ್ಪಲಿ ಬಿಡುವಲ್ಲಿ ಗಾಡಿಯನ್ನೂ ಬಿಟ್ಟು ಕೂಸನ್ನು ಎತ್ತಿಕೊಳ್ಳಿ.

ಮೇಲೆ ಹೋದ ಮೇಲೆ ದೊಡ್ಡವರಿಗೂ ಮಗುವಿಗೂ ಕಾಣುವ ದೇವಸ್ಥಾನ ಒಂದೇ ಅಲ್ಲ. ಗೈಡು ಕೈ ಎತ್ತಿ ತೋರಿಸುವ ಶಿವ, ವಿಷ್ಣು, ನರ್ತಿಸುವ ಗಣಪ, ಎಲ್ಲ ನಮ್ಮ ಕಣ್ಣೆತ್ತರದಲ್ಲಿ, ಅದರ ಮೇಲೆ. ಗೋಡೆಯ ಬುಡದಲ್ಲಿರುವುದು ಆನೆಯ ಸಾಲು. ಒಂದರ ಹಿಂದೊಂದು, ಗೋಡೆ ತಿರುಗಿದ ಕಡೆಗೆಲ್ಲ ತಿರುಗುತ್ತ ಹೋಗುತ್ತದೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕತೆಗಳು, ಮಕರ, ಹಂಸ. ಭಾರ ಹೊರುವ ಪ್ರಾಣಿ ಕೆಳಗಿರಲಿ ಎಂಬ ಲೆಕ್ಕಾಚಾರವಿದ್ದೀತು, ಆದರೆ ಆನೆಯ ಸಾಲು ಬಂದು ನಿಂತದ್ದು ಅಂಬೆಗಾಲಿಡುವ ಕೂಸಿನ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ನೆರಳಿರುವ ಕಡೆ ಮಗುವನ್ನು ನೆಲಕ್ಕೆ ಬಿಡಿ, ತಾನೇ ಗೋಡೆಗುಂಟ ಹೋಗುತ್ತದೆ. ಮುಟ್ಟದ ಹಾಗೆ ಮಾತ್ರ ನೋಡಿಕೊಳ್ಳಿ. ಬಳಪದ ಕಲ್ಲು ಮೆದು, ಸಾವಿರಾರು ಕೈ ತಾಗಿದರೆ ಸವೆಯುತ್ತದೆ. ಜಗತಿಗೆ ಕಟಾಂಜನವಿಲ್ಲ, ನಡೆಯಲು ಕಲಿತ ಮಕ್ಕಳ ಕೈ ಬಿಡಬೇಡಿ. ನಂದಿ ಮಂಟಪದ ಎದುರು ಐದು ನಿಮಿಷ ಹೆಚ್ಚೇ ಬೇಕಾಗುತ್ತದೆ, ಏಕೆಂದರೆ ‘ಅಂಬಾ’ ಎನ್ನಲು ಕಲಿತ ಯಾವ ಮಗುವೂ ಅಲ್ಲಿಂದ ಬೇಗ ಕದಲುವುದಿಲ್ಲ.

ಬಹಳ ಜನ ಇಷ್ಟಕ್ಕೇ ಕಾರು ಹತ್ತುತ್ತಾರೆ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದಕ್ಕೆ ಬಸದಿಹಳ್ಳಿಯ ಮೂರು ಜೈನ ಬಸದಿಗಳಿವೆ, ಅಲ್ಲಿಂದ ಕೂಗಳತೆಯಲ್ಲಿ ಕೇದಾರೇಶ್ವರ. ಗದ್ದಲವಿಲ್ಲ, ಹುಲ್ಲಿದೆ. ಪಾರ್ಶ್ವನಾಥ ಬಸದಿಯ ಕಡೆದ ಕಂಬಗಳಿಗೆ ಕನ್ನಡಿಯ ಹೊಳಪು. ಮಗು ತನ್ನ ಮುಖ ನೋಡಿಕೊಂಡು ನಗುತ್ತದೆ. ಈ ಬಸದಿಗೂ ಒಂದು ಕೂಸಿಗೂ ನಂಟಿದೆ. ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ ರಾಜ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಎರಡು ಸಂತೋಷಕ್ಕೂ ಸೇರಿಸಿ ದೇವರಿಗೆ ವಿಜಯ ಪಾರ್ಶ್ವನಾಥ, ಮಗುವಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಆ ಕೂಸೇ ಮುಂದೆ ಒಂದನೇ ನರಸಿಂಹ. ಹತ್ತಿರದ ಹುಲಿಕೆರೆಯ ಕಲ್ಯಾಣಿ ಚೆಂದವೇ, ಆದರೆ ನಾಲ್ಕೂ ಕಡೆ ಮೆಟ್ಟಿಲು, ಕೆಳಗೆ ನೀರು. ತಪ್ಪುಹೆಜ್ಜೆಯ ವಯಸ್ಸಿನ ಮಕ್ಕಳಿಗೆ ಮೇಲಿನಿಂದಲೇ ತೋರಿಸಿ ಕರೆತರುವುದು ಮೇಲು.

ಬೇಲೂರಿನ ಚೆನ್ನಕೇಶವ ದೇವಸ್ಥಾನ, 1117ರದು, ಗಾಡಿಯವರಿಗೆ ಅಷ್ಟು ಸಲೀಸಲ್ಲ. ರಾಜಗೋಪುರ ದಾಟಿದರೆ ಇಡೀ ಪ್ರಾಕಾರ ಕಲ್ಲುಹಾಸು, ಮರದ ನೆರಳು ಇಲ್ಲವೆನ್ನುವಷ್ಟು ಕಡಿಮೆ. ಮಾರ್ಚ್ ಕಳೆದ ಮೇಲೆ ಹನ್ನೊಂದು ಗಂಟೆಯ ಹೊತ್ತಿಗೆ ಬರಿಗಾಲಲ್ಲಿ ನಿಲ್ಲಲಾಗದು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ಸು, ಅದೇ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ. ರಜೆಯ ದಿನ ಜನವೋ ಜನ. ಇಲ್ಲಿ ಗಾಡಿ ಕಾರಿನಲ್ಲೇ ಇರಲಿ, ಮಗು ಮೈಮೇಲಿರಲಿ, ಬಾಗಿಲು ತೆರೆದ ಕೂಡಲೇ ಹೋಗಿ ಬನ್ನಿ. ಆರುನೂರಕ್ಕೂ ಮಿಕ್ಕ ಆನೆಗಳ ಸಾಲು ಇಲ್ಲಿಯೂ ಇದೆ.

ಅರಸೀಕೆರೆ ಕಡೆಯವರಿಗೆ ಒಂದೇ ಮಾತು: ಮಾಲೇಕಲ್ಲು ತಿರುಪತಿಯ ಮೆಟ್ಟಿಲಾಗಲಿ, ಜೇನುಕಲ್ಲು ಸಿದ್ಧೇಶ್ವರನ ಬೆಟ್ಟವಾಗಲಿ ಹರಕೆಗೆ, ಹೆಗಲಿಗೆ. ಗಾಲಿಗೆ ತೆಂಗಿನ ತೋಟದ ನಡುವಿನ ಹಳ್ಳಿ ರಸ್ತೆಗಳೇ ಸಾಕು, ಬಯಲುಸೀಮೆಯ ಸಮತಟ್ಟು ಅಲ್ಲಿ ಪುಕ್ಕಟೆ ಸಿಗುತ್ತದೆ.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪುಟ್ಟ ಮಕ್ಕಳನ್ನು ಗಾಡಿಯಲ್ಲೋ ಎತ್ತರದ ಕುರ್ಚಿಯಲ್ಲೋ ಬೆನ್ನಿಗೆ ಕಟ್ಟಿಕೊಂಡೋ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದು ಎಂಬುದು ಅದರಲ್ಲೊಂದು. ನಡೆಯಬಲ್ಲ ಒಂದು, ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಎಲ್ಲ ಸೇರಿ 180 ನಿಮಿಷವಾದರೂ ಮೈಯಾಡುವ ಆಟ ಬೇಕು. ಅಂದರೆ ಗಾಡಿ ಇರುವುದು ಮಗುವನ್ನು ಹುಲ್ಲಿನ ತನಕ ತಲುಪಿಸಲು. ಕುತ್ತಿಗೆ ಇನ್ನೂ ನಿಲ್ಲದ ಕೂಸಿಗೆ ಪೂರ್ತಿ ಮಲಗಿಸುವ ಗಾಡಿಯೇ ಆಗಬೇಕು. ಕೂರುವ ಗಾಡಿ ಸುಮಾರು ಆರು ತಿಂಗಳು ತುಂಬಿದ ಮೇಲೆ.

ಬಿಸಿಲೆಂದು ಗಾಡಿಯ ಮೇಲೆ ಟವೆಲ್ಲನ್ನೋ ದುಪ್ಪಟ್ಟವನ್ನೋ ಪೂರ್ತಿ ಹೊದಿಸುವುದನ್ನು ಎಲ್ಲ ಕಡೆ ಕಾಣುತ್ತೇವೆ. ಗಾಳಿ ನಿಂತು ಒಳಗೆ ಕಾವು ಏರುತ್ತದೆ, ಮಗುವಿನ ಮುಖವೂ ನಮಗೆ ಕಾಣುವುದಿಲ್ಲ. ತೆಳು ಸೊಳ್ಳೆಪರದೆ, ಮರದ ನೆರಳು, ಇಷ್ಟು ಸಾಕು. ಮಳೆಗಾಲದಲ್ಲಿ ಮಲೆನಾಡಿನ ಕಡೆ ಉಂಬಳದ ಕಾಟ. ಕೂಸಿಗೆ ಅಪಾಯವಿಲ್ಲದಿದ್ದರೂ ರಕ್ತ ಕಂಡು ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಬೇಸಿಗೆಯಲ್ಲಿ ಮಾತ್ರ ತರಗೆಲೆಯ ಮೇಲೆ ಮಗುವನ್ನು ಕೂರಿಸಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವುದು, ಮಲೆನಾಡನ್ನು ಅದು ಇನ್ನೂ ಬಿಟ್ಟಿಲ್ಲ. ಸಿಮೆಂಟಿನ ಕಣ ವಾಸಿ ಎಂದದ್ದು ಇದಕ್ಕೂ ಸೇರಿಯೇ.

ಗಾಲಿಗೆ ಅಡ್ಡಿ ನಮ್ಮಲ್ಲಷ್ಟೇ ಇಲ್ಲ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಸಾಲಿನ ಹಳೆಯ ಕಾಲುದಾರಿಗಳಲ್ಲೂ ನಮ್ಮ ತಡಬೆ, ಉಣುಗೋಲುಗಳ ಥರದ ಬೇಲಿಬಾಯಿಗಳಿವೆ. ದನ ದಾಟಬಾರದೆಂದು ಕಟ್ಟಿದ್ದು ಗಾಡಿಯನ್ನೂ ತಡೆಯುತ್ತದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಅಂಥ ಅಡ್ಡಿಯಿಲ್ಲದ ದಾರಿಗಳನ್ನು ಆರಿಸಿ, ಎಲ್ಲರಿಗೂ, ಬಹುಮಂದಿಗೆ, ಕೆಲವರಿಗೆ ಎಂದು ಮೂರು ದರ್ಜೆ ಮಾಡಿ ಪ್ರಕಟಿಸಿದ್ದಾರೆ. ಗಾಲಿಕುರ್ಚಿಯವರಿಗೂ ಕೂಸಿನ ಗಾಡಿಯವರಿಗೂ ಅದೇ ಪಟ್ಟಿ. ಇದಕ್ಕೆ ಕೋಟಿ ರೂಪಾಯಿ ಬೇಡ. ಮೊದಲು ಬೇಕಾದದ್ದು ಮಾಹಿತಿ.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳಿಗೆ ಎಲ್ಲರೂ ತಲುಪುವಂತಿರಬೇಕು ಎಂದು ಹೇಳುತ್ತದೆ. ರ‍್ಯಾಂಪಿಗೆ ಅಳತೆಯೂ ಇದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಾಲ್ಕಡಿ ಏರಬೇಕಾದರೆ 48 ಅಡಿ. ಮೆಟ್ಟಿಲ ಮೇಲೆ ಹಲಗೆ ಒರಗಿಸಿ ರ‍್ಯಾಂಪ್ ಎನ್ನುವವರು ಒಮ್ಮೆ ಅದರ ಮೇಲೆ ಖಾಲಿ ಗಾಡಿಯನ್ನಾದರೂ ತಳ್ಳಿ ನೋಡಬೇಕು. ಎಂಟುನೂರು ಒಂಬೈನೂರು ವರ್ಷದ ಜಗತಿಯನ್ನು ಒಡೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಗೇಟಿನ ಹೊಸ್ತಿಲು, ಪಾರ್ಕಿಂಗಿನಿಂದ ಟಿಕೆಟ್ ಕೌಂಟರಿನವರೆಗಿನ ಜಲ್ಲಿ, ಶೌಚಾಲಯದ ಮುಂದಿನ ಎರಡು ಮೆಟ್ಟಿಲು, ಇವು ಹೊಯ್ಸಳರು ಕಟ್ಟಿದ್ದಲ್ಲ.

ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೂ ಬೇಲೂರು, ಅರಸೀಕೆರೆ ತಾಲ್ಲೂಕಿನ ಪಂಚಾಯಿತಿಗಳಿಗೂ ಒಂದು ಕೋರಿಕೆ. ಕೆರೆ ಏರಿಯೂ ಕೂಸಿನ ಗಾಡಿಗೆ ಒಳ್ಳೆಯ ದಾರಿಯಾದೀತು; ಮುಂದಿನ ಸಲ ಅದರ ದುರಸ್ತಿಗೆ ಹಣ ಬಂದಾಗ ಏರಿಯ ಮೇಲೆ ಎರಡು ಗಜ ಅಗಲದ ಗಟ್ಟಿ ದಾರಿ, ನೀರಿನ ಕಡೆಗೆ ಕಂಬಿಬೇಲಿ, ನಡುವೆ ಒಂದೆರಡು ಕಲ್ಲು ಬೆಂಚು ಸೇರಿಸಿ. ಪ್ರವಾಸಿಗರ ಫಲಕದಲ್ಲಿ ದೇವಸ್ಥಾನದ ಇಸವಿಯ ಕೆಳಗೆ ಇನ್ನೆರಡು ಸಾಲು ಬರೆಸಿ: ಗಾಲಿ ಎಲ್ಲಿಯವರೆಗೆ ಬರುತ್ತದೆ, ಮೆಟ್ಟಿಲು ಎಷ್ಟು. ಗೆಂಡೆಹಳ್ಳಿ ಕಡೆಯ ಹೋಂಸ್ಟೇಯವರು ಕೋಣೆ ಬುಕ್ ಮಾಡಲು ಫೋನ್ ಬಂದಾಗ ‘ಪುಟ್ಟ ಮಕ್ಕಳಿದ್ದಾರಾ?’ ಎಂದು ಕೇಳಿ, ಕಣ ಖಾಲಿ ಇದೆಯೋ ಕಾಫಿ ಹರಡಿದೆಯೋ ಹೇಳಿಬಿಡಲಿ.